ಉತ್ತರ ಸಮುದ್ರದ ಅಲೆಗೆ ಕ್ರೂಸ್ ಹಡಗು ಮಗುಚುತ್ತದೆಯೇ? ವೈರಲ್ ವಿಡಿಯೋಗಳು ಹೇಳದ ಸಂಗತಿಗಳು

ಬೆಟ್ಟದಷ್ಟು ಎತ್ತರದ ಕಪ್ಪು ಅಲೆ. ಅದರೆದುರು ಬೆಂಕಿಪೊಟ್ಟಣದಂತೆ ಕಾಣುವ ಹಡಗು. ಹಿನ್ನೆಲೆಯಲ್ಲಿ ಗಡಸು ದನಿಯ ಹಾಡು, ಮೇಲೆ ‘ಜಗತ್ತಿನ ಅತ್ಯಂತ ಅಪಾಯಕಾರಿ ಸಮುದ್ರ’ ಎಂಬ ದಪ್ಪ ಅಕ್ಷರ. ಬ್ರಿಟನ್, ನಾರ್ವೆ, ಡೆನ್ಮಾರ್ಕ್‌ಗಳ ನಡುವಿನ ಉತ್ತರ ಸಮುದ್ರದ್ದು ಎನ್ನಲಾಗುವ ಇಂಥ ವಿಡಿಯೋಗಳು 2023ರಲ್ಲಿ ಟಿಕ್‌ಟಾಕ್‌ನಲ್ಲಿ ಭಾರಿ ಸದ್ದು ಮಾಡಿದವು. ಭಾರತದಲ್ಲಿ ಆ ಆ್ಯಪ್ ಇಲ್ಲದಿದ್ದರೂ ರೀಲ್ಸ್ ಮತ್ತು ವಾಟ್ಸಾಪ್ ಮೂಲಕ ಅವು ನಮ್ಮ ಫೋನುಗಳಿಗೂ ಬಂದಿವೆ. ಅಪ್ಪ-ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ನಾರ್ವೆ ಅಥವಾ ಸ್ಟಾಕ್‌ಹೋಮ್ ಕಡೆ ಕ್ರೂಸ್ ಹೋಗಬೇಕೆಂದಿರುವ ಕುಟುಂಬದ ಗುಂಪಿಗೆ ಇಂಥದ್ದೊಂದು ಬಿದ್ದರೆ ಸಾಕು, ಟಿಕೆಟ್ ರದ್ದು ಮಾಡುವ ಮಾತು ಶುರುವಾಗುತ್ತದೆ.

ಹಾಗಾದರೆ ವಾಸ್ತವ ಏನು? ಅಲೆಗಳು ನಿಜ. ಆದರೆ ಈ ವಿಡಿಯೋಗಳು ಹುಟ್ಟಿಸುವ ಭಯ ತಪ್ಪು ಜಾಗದಲ್ಲಿದೆ.

ಮೊದಲು ವಿಡಿಯೋ ವಿಚಾರ. ಇವುಗಳಲ್ಲಿ ಕಾಣುವುದು ಬಹುತೇಕ ಪ್ರವಾಸಿ ಹಡಗುಗಳಲ್ಲ. ತೈಲ ಸ್ಥಾವರಗಳಿಗೆ ಸಾಮಾನು ಸಾಗಿಸುವ ಹಡಗು, ಮೀನುಗಾರಿಕೆ ಹಡಗುಗಳಂಥವು. ಅವು ಚಳಿಗಾಲದಲ್ಲೂ ಕೆಲಸ ಮಾಡಲೇಬೇಕು. ಕ್ಯಾಮೆರಾ ನೀರಿನ ಮಟ್ಟಕ್ಕೆ ಹತ್ತಿರವಿದ್ದರೆ ಅಲೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಈಗಂತೂ ಎಐ ಮೂಲಕ ತಯಾರಿಸಿದ ವಿಡಿಯೋಗಳೂ ಸೇರಿಕೊಂಡಿವೆ. ಕ್ರೂಸ್ ಹಡಗಿನೊಳಗೆ ಮೇಜು, ಕುರ್ಚಿ, ಜನ ಎಲ್ಲ ಆ ಕಡೆಯಿಂದ ಈ ಕಡೆಗೆ ಜಾರುವ ಸಿಸಿಟಿವಿ ದೃಶ್ಯವೊಂದನ್ನು ನೀವೂ ನೋಡಿರಬಹುದು. ಅದು 2008ರಲ್ಲಿ ನ್ಯೂಜಿಲೆಂಡ್‌ನ ಉತ್ತರಕ್ಕಿರುವ ಸಮುದ್ರದಲ್ಲಿ ‘ಪೆಸಿಫಿಕ್ ಸನ್’ ಹಡಗಿನಲ್ಲಿ ನಡೆದದ್ದು. ಯುರೋಪಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಂತ ಅದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಉತ್ತರ ಸಮುದ್ರ ಒರಟು ಎಂಬುದರಲ್ಲಿ ಸುಳ್ಳಿಲ್ಲ. ಅದರ ಸರಾಸರಿ ಆಳ ಸುಮಾರು 90 ಮೀಟರ್ ಮಾತ್ರ. ಸಾಗರಗಳ ಲೆಕ್ಕದಲ್ಲಿ ಇದು ಬಲು ಕಡಿಮೆ. ಬಿರುಗಾಳಿ ಎದ್ದಾಗ ಇಂಥ ಕಡೆ ಅಲೆಗಳು ಉದ್ದಕ್ಕೆ ಹರಡಿಕೊಳ್ಳದೆ ಕಡಿದಾಗಿ, ಒಂದರ ಬೆನ್ನಿಗೆ ಒಂದರಂತೆ ಬರುತ್ತವೆ. 1995ರ ಜನವರಿ 1ರಂದು ನಾರ್ವೆಗೆ ಸೇರಿದ ಡ್ರಾಪ್ನರ್ ಸ್ಥಾವರದ ಉಪಕರಣ ಬುಡದಿಂದ ತುದಿಯವರೆಗೆ 25.6 ಮೀಟರ್ ಎತ್ತರದ ಒಂದೇ ಒಂದು ಅಲೆಯನ್ನು ದಾಖಲಿಸಿತು. ಅಂದರೆ ಎಂಟು ಮಹಡಿಯ ಕಟ್ಟಡದಷ್ಟು. ರಾಕ್ಷಸ ಅಲೆಗಳು ನಾವಿಕರ ಕಟ್ಟುಕತೆ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿದ್ದು ಈ ಅಳತೆ.

ಆದರೆ ತಿಂಗಳು ಗಮನಿಸಿ: ಜನವರಿ. ನಮ್ಮ ಮಲ್ಪೆ, ಮಂಗಳೂರಿನ ಕಡಲು ಅಬ್ಬರಿಸುವುದು ಮಳೆಗಾಲದಲ್ಲಿ. ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ಇಳಿಯುವುದಿಲ್ಲ. ಡಿಸೆಂಬರ್, ಜನವರಿ ಎಂದರೆ ನಮಗೆ ಶಾಂತ ಕಡಲು. ಅಲ್ಲಿ ಇದು ತಿರುವುಮುರುವು. ಬಿರುಗಾಳಿಗಳ ಕಾಲ ಅಕ್ಟೋಬರ್‌ನಿಂದ ಮಾರ್ಚ್. ಕುಟುಂಬಗಳು ಹೆಚ್ಚಾಗಿ ಹೋಗುವ ಮೇ-ಆಗಸ್ಟ್ ನಡುವೆ ಕಡಲು ಬಹುಮಟ್ಟಿಗೆ ಸಮಾಧಾನದಲ್ಲಿರುತ್ತದೆ. ಜೊತೆಗೆ ಗೈರಾಂಗರ್‌ನಂಥ ಫ್ಯೋರ್ಡ್‌ಗಳ ಒಳಗೆ, ಸ್ಟಾಕ್‌ಹೋಮ್ ಮುಂದಿನ ಸಾವಿರಾರು ದ್ವೀಪಗಳ ನಡುವೆ ಹಡಗು ಕೆರೆಯಲ್ಲಿ ಹೋದಂತೆ ಹೋಗುತ್ತದೆ. ಹೊಟ್ಟೆ ತೊಳಸುವುದು ಹೆಚ್ಚಾಗಿ ಬ್ರಿಟನ್ ಅಥವಾ ಜರ್ಮನಿ ಬಿಟ್ಟು ನಾರ್ವೆ ಕರಾವಳಿ ಮುಟ್ಟುವವರೆಗಿನ ತೆರೆದ ಸಮುದ್ರದಲ್ಲಿ.

ಅಷ್ಟೆತ್ತರದ ಹಡಗು ಬೀಳುವುದಿಲ್ಲ ಏಕೆ?

ಹದಿನೈದು ಮಹಡಿಯ ಹೋಟೆಲನ್ನು ನೀರಿನ ಮೇಲಿಟ್ಟಂತೆ ಕಾಣುವ ಹಡಗು ವಾಲಿದರೆ ಮುಗಿಯಿತು ಎಂದು ಅನಿಸುವುದು ಸಹಜ. ತಳ್ಳಿದರೂ ಎದ್ದು ನಿಲ್ಲುವ ತಂಜಾವೂರು ಗೊಂಬೆಯ ಹಾಗೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆ ಹೋಲಿಕೆ ಅರ್ಧ ಮಾತ್ರ ಸರಿ. ಎಂಜಿನ್, ಇಂಧನ, ನೀರಿನ ಟ್ಯಾಂಕ್‌ಗಳೆಲ್ಲ ತಳದಲ್ಲಿರುತ್ತವೆ, ಮೇಲಿನ ಮಹಡಿಗಳಿಗೆ ಹಗುರ ವಸ್ತು ಬಳಸುತ್ತಾರೆ, ನಿಜ. ಆದರೆ ಮುಖ್ಯ ಕೆಲಸ ಮಾಡುವುದು ಹಡಗಿನ ಅಗಲ. ಹಡಗು ಎಡಕ್ಕೆ ವಾಲಿದಾಗ ಎಡಭಾಗ ಹೆಚ್ಚು ಮುಳುಗುತ್ತದೆ; ಅಲ್ಲಿ ನೀರು ಹೆಚ್ಚು ಬಲದಿಂದ ಮೇಲಕ್ಕೆ ಒತ್ತುತ್ತದೆ; ಹಡಗು ಮತ್ತೆ ನೇರವಾಗುತ್ತದೆ. ನೀರು ಒಳನುಗ್ಗದಿರುವವರೆಗೆ ಈ ಲೆಕ್ಕ ಬಹಳ ಗಟ್ಟಿ.

ಇದಕ್ಕೆ ಎದುರಾಗಿ ‘ಎಸ್ಟೋನಿಯಾ’ ಹೆಸರು ಹೇಳುವವರಿದ್ದಾರೆ. 1994ರ ಸೆಪ್ಟೆಂಬರ್ 28ರ ನಡುರಾತ್ರಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿದ ಆ ಹಡಗಿನಲ್ಲಿ 852 ಮಂದಿ ಸತ್ತರು. ಅದು ಕಾರು, ಲಾರಿಗಳನ್ನು ಒಳಗೆ ಓಡಿಸಿಕೊಂಡು ಹೋಗುವ ಫೆರಿ. ಅಲೆಗಳ ಹೊಡೆತಕ್ಕೆ ಮುಂಭಾಗದ ಬಾಗಿಲಿನ ಬೀಗಗಳು ಮುರಿದು, ಉದ್ದಕ್ಕೂ ಗೋಡೆಯೇ ಇಲ್ಲದ ವಾಹನಗಳ ಮಹಡಿಗೆ ನೀರು ನುಗ್ಗಿತು. ಕ್ರೂಸ್ ಹಡಗಿನಲ್ಲಿ ಅಂಥ ಮಹಡಿ ಇರುವುದಿಲ್ಲ. ಫೆರಿಗಳ ನಿಯಮಗಳೂ ಆ ದುರಂತದ ನಂತರ ಬಿಗಿಯಾದವು.

ಅಪಾಯ ಇರುವುದು ಎಂಜಿನ್ ಕೋಣೆಯಲ್ಲಿ

ಹಡಗಿನ ಎರಡೂ ಬದಿಗೆ ನೀರಿನೊಳಗೆ ಚಾಚಿಕೊಂಡ ಸ್ಟೆಬಿಲೈಸರ್ ರೆಕ್ಕೆಗಳಿರುತ್ತವೆ. ಅವು ಹೊಯ್ದಾಟವನ್ನು ತುಂಬ ತಗ್ಗಿಸುತ್ತವೆ. ಆದರೆ ಹಡಗು ಚಲಿಸುತ್ತಿದ್ದರೆ ಮಾತ್ರ ಅವು ಸರಿಯಾಗಿ ಕೆಲಸ ಮಾಡುತ್ತವೆ. ಎಂಜಿನ್ ನಿಂತರೆ ರೆಕ್ಕೆಗಳೂ ವ್ಯರ್ಥ, ಮೂತಿಯನ್ನು ಅಲೆಯ ಕಡೆಗೆ ತಿರುಗಿಸಿ ಹಿಡಿಯುವುದೂ ಅಸಾಧ್ಯ. ಹಡಗು ಅಲೆಗಳಿಗೆ ಅಡ್ಡಡ್ಡ ತಿರುಗುತ್ತದೆ.

2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್‌ವಿಕಾ ಎಂಬ ಕುಖ್ಯಾತ ಕರಾವಳಿಯಲ್ಲಿ ಆದದ್ದು ಇದೇ. 1,373 ಜನರಿದ್ದ ‘ವೈಕಿಂಗ್ ಸ್ಕೈ’ ಬಿರುಗಾಳಿಯ ನಡುವೆ ವಿದ್ಯುತ್ ಕಳೆದುಕೊಂಡು ಬಂಡೆಗಳ ಕಡೆಗೆ ತೇಲತೊಡಗಿತು. ಕಾರಣ ನಂಬಲಾರದಷ್ಟು ಸಣ್ಣದು: ಎಂಜಿನ್ ಆಯಿಲ್. ತಯಾರಕರ ಪ್ರಕಾರ ಟ್ಯಾಂಕ್ ಶೇ 68ರಿಂದ 75ರಷ್ಟು ತುಂಬಿರಬೇಕಿತ್ತು. ಇದ್ದದ್ದು ಶೇ 28ರಿಂದ 40. ಬಾವಿಯ ನೀರು ತಳ ಕಂಡಾಗ ಪಂಪ್‌ಸೆಟ್ ಗಾಳಿ ಎಳೆಯುತ್ತದಲ್ಲ, ಹಾಗೆ ಹಡಗು ಹೊಯ್ದಾಡಿದಾಗ ಪಂಪು ಎಣ್ಣೆಯ ಬದಲು ಗಾಳಿ ಎಳೆಯಿತು; ಒತ್ತಡ ಕುಸಿದು ಜನರೇಟರ್‌ಗಳು ತಾವಾಗಿಯೇ ನಿಂತವು. ಲಂಗರು ಹಾಕಿ, ಹೇಗೋ ಎಂಜಿನ್ ಚಾಲೂ ಮಾಡುವ ಹೊತ್ತಿಗೆ ಹಡಗಿಗೂ ತಳದ ಬಂಡೆಗೂ ನಡುವೆ ಉಳಿದಿದ್ದದ್ದು ಹೆಚ್ಚೂಕಡಿಮೆ ಒಂದು ಹಡಗಿನ ಉದ್ದ. ಹೆಲಿಕಾಪ್ಟರ್‌ಗಳು 479 ಮಂದಿಯನ್ನು ಒಬ್ಬೊಬ್ಬರಾಗಿ ಮೇಲೆತ್ತಿದವು. ಯಾರೂ ಸಾಯಲಿಲ್ಲ. ಹಡಗು ಮರುದಿನ ಮೋಲ್ಡೆ ಬಂದರಿಗೆ ಬಂತು.

2023ರ ನವೆಂಬರ್‌ನಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ‘ಸ್ಪಿರಿಟ್ ಆಫ್ ಡಿಸ್ಕವರಿ’ಯ ಚಾಲನಾ ವ್ಯವಸ್ಥೆ ಬಿರುಗಾಳಿಯ ನಡುವೆ ತಾನಾಗಿ ನಿಂತು ಹಡಗು ಫಕ್ಕನೆ ಹೊರಳಿದಾಗ ಸುಮಾರು 100 ಮಂದಿ ಗಾಯಗೊಂಡರು. ಡಿಸೆಂಬರ್‌ನಲ್ಲಿ ಉತ್ತರ ಸಮುದ್ರದಲ್ಲೇ ‘ಮೌಡ್’ ಎಂಬ ಹಡಗಿನ ಚಾಲಕರ ಕೋಣೆಯ ಕಿಟಕಿಗಳನ್ನು ಅಲೆ ಒಡೆದು, ವಿದ್ಯುತ್ ಹೋಯಿತು. ಮೂರೂ ಹಡಗುಗಳು ಮುಳುಗಲಿಲ್ಲ. ಮೂರೂ ಘಟನೆ ಬಿರುಗಾಳಿಯ ತಿಂಗಳುಗಳಲ್ಲೇ ನಡೆದವು.

ಈಗ ‘ಪೆಸಿಫಿಕ್ ಸನ್’ ವಿಡಿಯೋ ನೆನಪಿಸಿಕೊಳ್ಳಿ. ಜನರಿಗೆ ಪೆಟ್ಟಾದದ್ದು ನೀರಿನಿಂದಲ್ಲ, ಜಾರಿ ಬಂದ ಮೇಜು, ಕುರ್ಚಿಗಳಿಂದ, ಬಿದ್ದದ್ದರಿಂದ. ಎಪ್ಪತ್ತು ದಾಟಿದ ಅಜ್ಜಿಯ ಸೊಂಟದ ಮೂಳೆ ಮುರಿಯಲು ಇಪ್ಪತ್ತು ಮೀಟರ್ ಅಲೆ ಬೇಕಿಲ್ಲ. ಒದ್ದೆ ಬಾತ್‌ರೂಮ್, ಎತ್ತರದ ಹೊಸ್ತಿಲು, ಒಂದು ಸಣ್ಣ ವಾಲಾಟ ಸಾಕು. ಕಡಲು ಒರಟಾದ ದಿನ ವಯಸ್ಸಾದವರು ಕೂತೇ ಇರಲಿ. ಎದ್ದರೆ ಒಂದು ಕೈ ರೇಲಿಂಗ್ ಮೇಲೆ, ಕಾಲಲ್ಲಿ ಜಾರದ ಚಪ್ಪಲಿ. ಮಕ್ಕಳು ಬಾಗಿಲಿನ ಸಂದಿಗೆ ಬೆರಳಿಡದಂತೆ ನೋಡಿಕೊಳ್ಳಿ. ಹಡಗು ವಾಲಿದಾಗ ಭಾರದ ಬಾಗಿಲು ತಾನಾಗಿ ಬಡಿಯುತ್ತದೆ.

ವಾಂತಿಯ ಮಾತ್ರೆಗೂ ಇದಕ್ಕೂ ನಂಟಿದೆ. ಒಳಕಿವಿ ‘ಅಲುಗಾಡುತ್ತಿದ್ದೇವೆ’ ಎಂದು, ಎದುರಿನ ಗೋಡೆ ನೋಡುವ ಕಣ್ಣು ‘ಇಲ್ಲ’ ಎಂದು ಹೇಳಿದಾಗ ಮೆದುಳಿಗೆ ಆಗುವ ಗೊಂದಲವೇ ಕಡಲ ಕಾಯಿಲೆ. ಅವೋಮಿನ್‌ನಂಥ ಮಾತ್ರೆ ಕೆಲಸ ಮಾಡುತ್ತದೆ, ಆದರೆ ವಾಂತಿ ಶುರುವಾಗುವ ಮೊದಲೇ ತೆಗೆದುಕೊಂಡಿರಬೇಕು. ಅದು ನಿದ್ದೆಯನ್ನೂ ತರುತ್ತದೆ. ವಾಲುವ ನೆಲದ ಮೇಲೆ ಮಂಪರಿನಲ್ಲಿ ನಡೆಯುವ ಹಿರಿಯರು ಬೀಳುವ ಸಾಧ್ಯತೆ ಹೆಚ್ಚು. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು. ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಶುಂಠಿಯಿಂದ ಸ್ವಲ್ಪ ಉಪಯೋಗ ಕಂಡ ಅಧ್ಯಯನಗಳಿವೆ. ಮಾತ್ರೆಗಿಂತ ಅಗ್ಗದ ಉಪಾಯ ಎಂದರೆ ದೂರದ ದಿಗಂತ ನೋಡುವುದು, ಕೆಳಗಿನ ಮಹಡಿಯ ನಡುಭಾಗದಲ್ಲಿ ಕೋಣೆ ಹಿಡಿಯುವುದು. ಹೆಚ್ಚು ದುಡ್ಡು ಕೊಟ್ಟು ಹಿಡಿಯುವ ಮೇಲ್ಮಹಡಿಯ ಬಾಲ್ಕನಿ ಕೋಣೆಯಲ್ಲೇ ತೂಗಾಟ ಹೆಚ್ಚು!

ಹಡಗಿನ ಹೊಟ್ಟೆನೋವೆಲ್ಲ ಅಲೆಯಿಂದಲೇ ಬರುವುದಿಲ್ಲ. ನೊರೊವೈರಸ್ ಹರಡಿದರೆ ವಾಂತಿ, ಭೇದಿ ಕೋಣೆಯಿಂದ ಕೋಣೆಗೆ ದಾಟುತ್ತವೆ. ಜೇಬಿನ ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ಬಗ್ಗುವುದಿಲ್ಲ, ಸಾಬೂನು ಹಚ್ಚಿ ತೊಳೆಯಬೇಕು.

ಹವಾಮಾನ ಕೆಟ್ಟರೆ ಕ್ಯಾಪ್ಟನ್ ಒಂದು ಬಂದರನ್ನೇ ಬಿಟ್ಟು ಮುಂದೆ ಹೋಗಬಹುದು. ಆಗ ‘ದುಡ್ಡು ಕೊಟ್ಟಿದ್ದೇವೆ, ನಿಲ್ಲಿಸಿ’ ಎಂದು ಜಗಳಕ್ಕಿಳಿಯುವವರಿದ್ದಾರೆ. ಸಾಮಾನ್ಯವಾಗಿ ಟಿಕೆಟ್‌ನ ಕರಾರಿನಲ್ಲೇ ಆ ಅಧಿಕಾರ ಬರೆದಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಬಂದರು ತಪ್ಪಿಸುವ ಕ್ಯಾಪ್ಟನ್ ಒಳ್ಳೆಯ ಕ್ಯಾಪ್ಟನ್.

ಹತ್ತಿದ ದಿನವೇ ಒಂದು ಸುರಕ್ಷತಾ ಡ್ರಿಲ್ ಇರುತ್ತದೆ. 2012ರ ಜನವರಿ 13ರಂದು ಇಟಲಿಯಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಮಂದಿ ಸತ್ತಾಗ ಸಮುದ್ರ ಶಾಂತವಾಗಿತ್ತು. ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗ ನಿಯಮವಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕು. ಊಟದ ಕೌಂಟರ್ ಕಡೆ ಓಡುವ ಮುಂಚೆ ಅಲ್ಲಿಗೆ ಹೋಗಿ. ಏಳು ಗಿಡ್ಡ, ಒಂದು ಉದ್ದ ಸೈರನ್ ಕೇಳಿದರೆ ಎಲ್ಲಿ ಸೇರಬೇಕೆಂದು ಇಡೀ ಮನೆಯವರಿಗೆ ಗೊತ್ತಿರಲಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೋಣೆಯಲ್ಲಿ ಇಲ್ಲದಿದ್ದರೆ ಆಗಲೇ ಸಿಬ್ಬಂದಿಯನ್ನು ಕೇಳಿ ತೆಗೆದುಕೊಳ್ಳಿ.