ಮುದ್ರೆಯಿಲ್ಲದ ವಾಕಿಟಾಕಿ

ಹುಣಸೂರು, ಕೃಷ್ಣರಾಜನಗರಗಳ ಸಂತೆಯಲ್ಲಿ ಮುದ್ರೆಯಿಲ್ಲದ ತೂಕದ ಬಟ್ಟನ್ನು ಕಂಡರೆ ರೈತನು ಸುಮ್ಮನಿರನು. ಆದರೆ ಮನೆಬಾಗಿಲಿಗೆ ಬಂದ ವಾಕಿಟಾಕಿಯ ಪೆಟ್ಟಿಗೆಯ ಮೇಲೆ ಸರ್ಕಾರದ ಅನುಮೋದನೆ ಇದೆಯೇ ಎಂದು ಆತನು ಕೇಳುವುದಿಲ್ಲ. ಕೇಳಬೇಕೆಂದು ಆತನಿಗೆ ತಿಳಿಸುವವರೂ ವಿರಳ.

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟ್ ಪ್ರೇಷಕದಿಂದ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಇಲ್ಲಿಯ ಆಕಾಶವು ಬಹುಮಟ್ಟಿಗೆ ಬರಿದಾಗಿದ್ದಿತು. ಇಂದು ಅದನ್ನು ಬಾನುಲಿ, ಮೊಬೈಲ್, ಪೊಲೀಸರು, ವಿಮಾನಗಳು ಹಂಚಿಕೊಂಡು ಬಾಳಬೇಕಾಗಿದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಸೇರಿದ ನಾಗರಹೊಳೆಯ ಕಾಡಿನಲ್ಲಿ, ಮೊಬೈಲು ಮೂಕವಾಗುವ ಎಡೆಗಳಲ್ಲಿ, ಅರಣ್ಯ ಸಿಬ್ಬಂದಿಗೆ ನಿಸ್ತಂತುವೇ ಆಧಾರ. ಆನೆಯು ಊರಿನತ್ತ ಹೊರಟಿತೆಂಬ ಸುದ್ದಿಗೆ ಅಲ್ಲಿ ಅರೆಕ್ಷಣದ ತಡೆಯೂ ಒದಗಬಾರದು.

ತಂಬೂರಿಯ ತಂತಿಯನ್ನು ಮೀಟಿದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ಕಂಪನದ ಸ್ವರಗಳೂ ಏಳುತ್ತವೆ. ಪ್ರೇಷಕದ ಗುಣವೂ ಇದೇ. 150 ಮೆಗಾಹರ್ಟ್ಸ್‌ನಲ್ಲಿ ನುಡಿಯುವ ಯಂತ್ರವು, ಒಳಗಿನ ಶೋಧಕವು ಕಳಪೆಯಾಗಿದ್ದರೆ, 300ರಲ್ಲಿಯೂ 450ರಲ್ಲಿಯೂ ಅಲೆಗಳನ್ನು ಚೆಲ್ಲುತ್ತದೆ. ನುಡಿಯುವವನಿಗೆ ಇದು ತಿಳಿಯದು. ಕೆಡುವುದು ಬೇರೊಬ್ಬನ ಸಂದೇಶ. ಕೊಂಡವನು ತೃಪ್ತನಾದ ಮಾತ್ರಕ್ಕೆ ಯಂತ್ರವು ನಿರ್ದೋಷಿಯೆನ್ನಲಾಗದು. ಆದ್ದರಿಂದಲೇ ಮಾರಾಟಕ್ಕೆ ಮೊದಲೇ ಪ್ರಯೋಗಶಾಲೆಯಲ್ಲಿ ಅದರ ಆವರ್ತಾಂಕವನ್ನೂ ಶಕ್ತಿಯನ್ನೂ ಹೊರಚೆಲ್ಲುವ ಅಲೆಗಳನ್ನೂ ಅಳೆಯಬೇಕು.

2018ರ ನಿಯಮಗಳ ಪ್ರಕಾರ 446ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ವಾಕಿಟಾಕಿಗೆ ಲೈಸೆನ್ಸು ಬೇಕಿಲ್ಲ. ಆದರೆ ಆ ಮಾದರಿಗೆ ಕೇಂದ್ರ ಸರ್ಕಾರದ ಅನುಮೋದನೆಯಂತೂ ಬೇಕೇ ಬೇಕು. ಆವರ್ತಾಂಕವನ್ನೂ ಅನುಮೋದನೆಯನ್ನೂ ತಿಳಿಸದೆ ಅಂತರ್ಜಾಲದ ಮಳಿಗೆಗಳಲ್ಲಿ ಇವು ಮಾರಾಟವಾಗುತ್ತಿದ್ದುದನ್ನು ಕಂಡು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಹೊಣೆಯನ್ನು ಮಾರುವವನ ಮೇಲೆ ಹೊರಿಸಿದ ಈ ಕ್ರಮವನ್ನು ನಾವು ಸ್ವಾಗತಿಸುತ್ತೇವೆ.

ಪರೀಕ್ಷೆಯಿಂದ ಬೆಲೆಯೇರುವುದೆಂದು ವರ್ತಕರು ಹೇಳಬಹುದು. ಒಂದು ಮಾದರಿಯ ಪರೀಕ್ಷೆಗೆ ತಗಲುವ ವೆಚ್ಚವು ಆ ಮಾದರಿಯ ಸಾವಿರಾರು ಯಂತ್ರಗಳಿಗೆ ಹಂಚಿಹೋಗುವುದು. ಕೆಟ್ಟ ಯಂತ್ರದ ವೆಚ್ಚವಾದರೋ ಒಂದೇ ಇರುಳಿನಲ್ಲಿ, ಒಂದೇ ಹೊಲದ ಮೇಲೆ, ಒಬ್ಬನೇ ಕಾವಲುಗಾರನ ಮೇಲೆ ಬೀಳಬಹುದು.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ದೆಹಲಿಯ ನಿಯಮವು ಕಾಡಂಚಿನ ಹಳ್ಳಿಯನ್ನು ಮುಟ್ಟಬೇಕಾದರೆ ಅದು ಅಲ್ಲಿಯ ನುಡಿಯಲ್ಲಿರಬೇಕು. ಅನುಮೋದನೆಯ ಸಂಖ್ಯೆಯೂ ಆವರ್ತಾಂಕವೂ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ತೂಕದ ಬಟ್ಟನ್ನು ತಿರುಗಿಸಿ ಮುದ್ರೆ ನೋಡಬಲ್ಲ ರೈತನು ಇದನ್ನೂ ಓದಿ, ಬೇಡವೆನ್ನಬಲ್ಲನು.