ವಾಹಿನಿಗಳ ಹಂಚಿಕೆಯಲ್ಲಿ ನಮ್ಮ ಪಾಲು

ಹಣ ತೆತ್ತು ಟೆಲಿವಿಷನ್ ನೋಡುವ ಈ ಕಾಲದಲ್ಲಿ, ಒಬ್ಬ ವಿತರಕನು ತೋರಿಸುವ ಆಟ ಮತ್ತು ಮನರಂಜನೆಯ ವಾಹಿನಿಗಳು ಅವನ ಎದುರಾಳಿಗೂ ದೊರೆಯಬೇಕೇ ಎಂಬುದು ಕೇವಲ ವ್ಯಾಪಾರಿಗಳ ತಂಟೆಯೆಂದು ನಮ್ಮಲ್ಲಿ ಹಲವರ ಭಾವನೆ. ಚೆನ್ನೈಯಲ್ಲಿ ನೆಲಸಿರುವ ಕನ್ನಡಿಗರ ಮಟ್ಟಿಗಾದರೂ ಈ ಭಾವನೆ ಸರಿಯಲ್ಲ. ಮನೆಯ ಪೆಟ್ಟಿಗೆಯಲ್ಲಿ ಕನ್ನಡದ ದನಿ ಕೇಳಿಸುವುದೋ ಇಲ್ಲವೋ ಎಂಬುದು ಈ ಹಂಚಿಕೆಯ ನಿಯಮವನ್ನೇ ಅವಲಂಬಿಸಿದೆ.

ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಸಾರಿತು. ಆ ತೀರ್ಪು ಹುಟ್ಟಿದ್ದೂ ಕ್ರಿಕೆಟ್ ಪ್ರಸಾರದ ವ್ಯಾಜ್ಯದಿಂದಲೇ. 2004ರಲ್ಲಿ ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, ಕೇಳಿದ ವಿತರಕರಿಗೆಲ್ಲ ಭೇದವೆಣಿಸದೆ ವಾಹಿನಿಗಳನ್ನು ಕೊಡತಕ್ಕದ್ದೆಂದು ವಿಧಿಸಿತು. ಆದರೂ ಜಗಳ ನಿಲ್ಲಲಿಲ್ಲ. 2006ರಲ್ಲಿ ಜೀ ಬಳಗದ ಡಿಶ್ ಟಿವಿ ಸಂಸ್ಥೆಯು ಸ್ಟಾರ್ ವಾಹಿನಿಗಳಿಗಾಗಿಯೂ, ಸ್ಟಾರ್ ಪಾಲುಗಾರಿಕೆಯಿದ್ದ ಟಾಟಾ ಸ್ಕೈ ಸಂಸ್ಥೆಯು ಜೀ ವಾಹಿನಿಗಳಿಗಾಗಿಯೂ ನ್ಯಾಯಾಧಿಕರಣದ ಮೊರೆಹೊಕ್ಕವು. ಎರಡೂ ಕಡೆ ಮನ್ನಣೆ ದೊರೆತದ್ದು ಕೊಡಬೇಕೆಂಬ ತತ್ತ್ವಕ್ಕೇ. ಪರದೇಶಗಳಲ್ಲಿಯೂ ಇದೇ ಹಾದಿ. ಬ್ರಿಟನ್ನಿನ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ 2010ರಲ್ಲಿ ಸ್ಕೈ ಸಂಸ್ಥೆಯ ಎರಡು ಮುಖ್ಯ ಕ್ರೀಡಾವಾಹಿನಿಗಳನ್ನು ಗೊತ್ತಾದ ಸಗಟು ದರದಲ್ಲಿ ಎದುರಾಳಿಗಳಿಗೂ ಕೊಡುವಂತೆ ಆಜ್ಞಾಪಿಸಿತು. 2015ರಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತೆಂಬುದನ್ನೂ ಮರೆಯಬಾರದು. ಇಂಥ ಹಕ್ಕುಗಳು ಶಾಶ್ವತವಲ್ಲ, ಕಾಯುವವರಿದ್ದರೆ ಉಳಿಯುತ್ತವೆ.

ನಮ್ಮ ನಗರಕ್ಕೆ ಈ ವಿಷಯ ಹೊಸದಲ್ಲ. 2003ರ ಸೆಪ್ಟೆಂಬರ್ 1ರಂದು, ಪೆಟ್ಟಿಗೆಯಿಲ್ಲದವರಿಗೆ ಕಾಸಿನ ವಾಹಿನಿಗಳಿಲ್ಲವೆಂಬ ವ್ಯವಸ್ಥೆ ಚೆನ್ನೈಯಲ್ಲಿ ಜಾರಿಗೆ ಬಂತು. ಮೂರು ವರ್ಷಗಳ ಕಾಲ ದೇಶದಲ್ಲಿ ಅದು ನೆಲೆನಿಂತದ್ದು ಈ ಒಂದು ನಗರದಲ್ಲಿ ಮಾತ್ರ. 1994ರಲ್ಲಿ ಆರಂಭವಾದ ಕನ್ನಡದ ಉದಯ ವಾಹಿನಿಯ ಒಡೆತನದ ಸನ್ ಸಂಸ್ಥೆಯ ನೆಲೆಯೂ ಇಲ್ಲಿಯೇ. ಹೀಗಿದ್ದೂ ಕನ್ನಡ ವಾಹಿನಿಗಳಿಗೆ ಇಲ್ಲಿನ ಕೇಬಲ್ಲಿನಲ್ಲಿ ಸ್ಥಾನ ನಿಶ್ಚಿತವೆನ್ನಲು ಬರುವಂತಿಲ್ಲ. ಅದಕ್ಕೆ ಕಾರಣ ದ್ವೇಷವಲ್ಲ, ಲೆಕ್ಕಾಚಾರ.

ಆ ಲೆಕ್ಕವನ್ನು ಓದುಗರು ಗಮನಿಸಬೇಕು. 2017ರ ನಿಯಮದಂತೆ, ವಾಹಿನಿಯವರು ತಾವಾಗಿ ಸ್ಥಳ ಬೇಡಿದರೆ ವಿತರಕನು ಸಾಗಣೆಯ ಶುಲ್ಕ ಕೇಳಬಹುದು. ಚಂದಾದಾರರಲ್ಲಿ ನೂರಕ್ಕೆ 20 ಅಥವಾ ಹೆಚ್ಚು ಮಂದಿ ಆ ವಾಹಿನಿಯನ್ನು ಕೊಂಡಿದ್ದರೆ ಶುಲ್ಕವಿಲ್ಲ; 5ಕ್ಕಿಂತ ಕಡಿಮೆಯಿದ್ದರೆ ಪ್ರತಿ ಮನೆಗೆ ತಿಂಗಳಿಗೆ 20 ಪೈಸೆಯವರೆಗೆ ತೆರಬೇಕೆಂದು ಆಗ ಗೊತ್ತುಮಾಡಲಾಯಿತು. ಪ್ರತಿ ಮನೆಯೆಂದರೆ ಆ ವಾಹಿನಿಯನ್ನು ನೋಡದ ಮನೆಯೂ ಸೇರಿ. ಹತ್ತು ಲಕ್ಷ ಮನೆಗಳಿದ್ದರೆ ತಿಂಗಳಿಗೆ ಎರಡು ಲಕ್ಷ ರೂಪಾಯಿ! ಬಹುಜನರ ಭಾಷೆಗೆ ಬಿಟ್ಟಿ ಸವಾರಿ, ಅಲ್ಪಸಂಖ್ಯಾತರ ಭಾಷೆಗೆ ಸುಂಕ. ಇದು ಯಾವ ನ್ಯಾಯ?

ಡಿಶ್ ಹಾಕಿಸಿಕೊಳ್ಳಬಾರದೇ ಎಂದು ಕೇಳುವವರುಂಟು. ಉಪಗ್ರಹಕ್ಕೆ ರಾಜ್ಯದ ಗಡಿಯಿಲ್ಲವೆಂಬುದು ನಿಜ. ಆದರೆ ಬಾಡಿಗೆ ಮನೆಯ ತಾರಸಿಯ ಮೇಲೆ ತಟ್ಟೆ ನಿಲ್ಲಿಸಲು ಮನೆಯೊಡೆಯನ ಒಪ್ಪಿಗೆ ಬೇಕು. ಕೇಬಲ್ಲಿನ ಜೊತೆಗೆ ಎರಡನೆಯ ಚಂದಾ ತೆರಲು ಎಲ್ಲರಿಗೂ ಶಕ್ತಿಯಿಲ್ಲ.

ಆಟದ ವಿಷಯದಲ್ಲಿ ಸ್ಥಿತಿ ಇನ್ನೂ ಬಿಗಿಯಾಗಿದೆ. ರಾಷ್ಟ್ರೀಯ ಮಹತ್ತ್ವದ ಪಂದ್ಯಗಳನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು 2007ರ ಕಾಯಿದೆ ವಿಧಿಸಿದೆ. ಐಪಿಎಲ್ ಆ ಪಟ್ಟಿಗೆ ಸೇರಿಲ್ಲ. ಕನ್ನಡ ವೀಕ್ಷಕ ವಿವರಣೆಗೆಂದೇ ಸ್ಟಾರ್ ಸಂಸ್ಥೆಯು 2018ರಲ್ಲಿ ಕ್ರೀಡಾವಾಹಿನಿಯೊಂದನ್ನು ತೆರೆದದ್ದು ಶ್ಲಾಘನೀಯ. ಅದು ಚೆನ್ನೈಯ ಕನ್ನಡಿಗನ ಮನೆಗೂ ಬರಬೇಕಷ್ಟೆ. 2024ರ ನವೆಂಬರಿನಲ್ಲಿ ಸ್ಟಾರ್ ಮತ್ತು ವಯಾಕಾಮ್18 ಸಂಸ್ಥೆಗಳು ಒಂದಾದುದರಿಂದ, ಹಿಂದೆ ಪೈಪೋಟಿಯಲ್ಲಿದ್ದ ಸ್ಟಾರ್ ಸುವರ್ಣ ಮತ್ತು ಕಲರ್ಸ್ ಕನ್ನಡ ವಾಹಿನಿಗಳು ಒಂದೇ ಮನೆಯ ಮಕ್ಕಳಾದವು, ಐಪಿಎಲ್ಲಿನ ಟಿ.ವಿ. ಹಕ್ಕೂ ಅಂತರಜಾಲದ ಹಕ್ಕೂ ಅದೇ ಮನೆ ಸೇರಿದವು. ಅಂತರಜಾಲದ ಪ್ರಸಾರಕ್ಕೆ ಟ್ರಾಯ್‌ನ ಹಂಚಿಕೆಯ ನಿಯಮ ತಾಕುವುದಿಲ್ಲ. ಸ್ಪರ್ಧಿಗಳ ಸಂಖ್ಯೆ ಕುಗ್ಗಿದಷ್ಟೂ ನಿಯಂತ್ರಕರ ಹೊಣೆ ಹೆಚ್ಚಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಆದುದರಿಂದ, ಸಾಗಣೆಯ ಶುಲ್ಕವನ್ನು ಒಟ್ಟು ಮನೆಗಳ ಮೇಲಲ್ಲ, ವಾಹಿನಿಯನ್ನು ಕೊಂಡ ಮನೆಗಳ ಮೇಲೆ ಮಾತ್ರ ಎಣಿಸುವಂತೆ ಟ್ರಾಯ್ ನಿಯಮವನ್ನು ತಿದ್ದಬೇಕೆಂದು ಒತ್ತಾಯಿಸುತ್ತೇವೆ. ಇದು ಕನ್ನಡಿಗರಿಗಾಗಿ ಮಾತ್ರ ಕೇಳುವ ಮಾತಲ್ಲ. ಬೆಂಗಳೂರಿನ ತಮಿಳರಿಗೂ, ಕಾಸರಗೋಡಿನ ಕನ್ನಡಿಗರಿಗೂ ಇದೇ ನ್ಯಾಯ ಸಲ್ಲಬೇಕು.

ಕಾಯಿದೆ ತಿದ್ದುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ವಿತರಕನೇ ವಾಹಿನಿಯನ್ನು ಕೇಳಿದರೆ ಶುಲ್ಕದ ಮಾತು ಏಳುವುದಿಲ್ಲ. ವಾಹಿನಿಯವರು 60 ದಿನಗಳೊಳಗೆ ಕೊಡಲೇಬೇಕು. ವಿತರಕನು ಕೇಳುವಂತೆ ಮಾಡುವುದು ಚಂದಾ ತೆರುವ ನಮ್ಮ ಕೈಯಲ್ಲಿದೆ. ಒಂಟಿ ದನಿಗೆ ಬೆಲೆಯಿಲ್ಲ. ಆಯಾ ಬಡಾವಣೆಯ ಕನ್ನಡಿಗರು ತಮಗೆ ಬೇಕಾದ ವಾಹಿನಿಗಳ ಪಟ್ಟಿಗೆ ಸಹಿ ಹಾಕಿ ಕೇಬಲ್ಲಿನವರಿಗೆ ಒಪ್ಪಿಸಲಿ. ರಾಜ್ಯೋತ್ಸವವನ್ನು ಶ್ರದ್ಧೆಯಿಂದ ನಡೆಸುವ ನಮ್ಮ ಸಂಘಗಳು ಈ ಕೆಲಸವನ್ನೂ ಕೈಗೆತ್ತಿಕೊಳ್ಳುವುವೆಂದು ಆಶಿಸುತ್ತೇವೆ.