ಸೂಜಿಯಂಥ ಡ್ರಿಲ್ ಬಿಟ್‌ಗೆ ಗಟ್ಟಿ ಹಿಡಿ ಬೇಕು

ಅಕ್ಕಸಾಲಿಗರು, ವಾಚ್ ರಿಪೇರಿಯವರು, ಗೊಂಬೆ ಮಾಡುವವರು: ಇವರಿಗೆಲ್ಲ ಒಂದು ಮಿ.ಮೀ.ಗಿಂತ ಸಣ್ಣ ತೂತು ಕೊರೆಯುವ ಕೆಲಸ ಬರುತ್ತಲೇ ಇರುತ್ತದೆ. ಗೋಡೆ ಕೊರೆಯುವ ಡ್ರಿಲ್ ಮಷಿನ್ ಇಲ್ಲಿ ನಡೆಯುವುದಿಲ್ಲ. ಇದಕ್ಕೆ ಬೇಕಿರುವುದು ಪಿನ್ ವೈಸ್. ನೋಡಲು ದಪ್ಪ ಪೆನ್ನಿನಂತೆ. ಮುಂದಿನ ಬಾಯಿ ಬಿಟ್ ಕಚ್ಚಿಕೊಳ್ಳುತ್ತದೆ, ಹಿಂದಿನ ಟೋಪಿ ಅಂಗೈಗೆ ಒರಗುತ್ತದೆ, ನಡುವೆ ಬೆರಳಲ್ಲಿ ತಿರುಗಿಸಬೇಕು. ಕರೆಂಟ್ ಬೇಡ.

ಮೊಬೈಲ್‌ನಲ್ಲಿ ಹುಡುಕಿದರೆ ಹತ್ತಾರು ಬಿಟ್ ಸೇರಿಸಿದ ಅಗ್ಗದ ಸೆಟ್‌ಗಳು ಸಾಲಾಗಿ ಕಾಣುತ್ತವೆ. ನಮ್ಮ ಅಭಿಪ್ರಾಯ ಇಷ್ಟೇ: ಬಿಟ್ ಎಷ್ಟಿವೆ ಎಂದು ಎಣಿಸಬೇಡಿ, ಬಾಯಿ ಹೇಗಿದೆ ನೋಡಿ. ಬಾಯಿ ಓರೆಯಿದ್ದರೆ ಬಿಟ್ ನೆಟ್ಟಗೆ ತಿರುಗುವುದಿಲ್ಲ. ನೆಟ್ಟಗೆ ತಿರುಗದ ಬಿಟ್ ತೂತಿನೊಳಗೇ ಮುರಿಯುತ್ತದೆ. ಬಿಟ್ ಹೋದರೆ ಕೆಲವು ರೂಪಾಯಿ ಹೋಯಿತು ಅನ್ನಬಹುದು. ಆದರೆ ಅದು ಸಿಕ್ಕಿಕೊಂಡಿದ್ದು ಗಿರಾಕಿಯ ಮೂಗುತಿಯಲ್ಲಾದರೆ? ಅರ್ಧ ದಿನದ ಕೆಲಸವೂ ಹೋಯಿತು, ನಂಬಿಕೆಯೂ ಹೋಯಿತು.

ಹಾಗಾಗಿ ಆದಷ್ಟು ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ಕೊಳ್ಳಿ. ಜೇಬಿನಲ್ಲಿ ಒಂದು ಹೊಸ ಹೊಲಿಗೆ ಸೂಜಿ ಇರಲಿ. ಅದನ್ನು ಪಿನ್ ವೈಸ್‌ಗೆ ಸಿಕ್ಕಿಸಿ, ಬಿಗಿ ಮಾಡಿ, ನಿಧಾನ ತಿರುಗಿಸಿ. ಸೂಜಿಯ ತುದಿ ಒಂದೇ ಕಡೆ ನಿಂತರೆ ಒಳ್ಳೆಯದು, ವೃತ್ತ ಬರೆದರೆ ಬೇಡ. ಎಳೆದು ನೋಡಿ, ಜಾರಬಾರದು. ಹಿಂದಿನ ಟೋಪಿ ತಡೆಯಿಲ್ಲದೆ ತಿರುಗಬೇಕು, ಇಲ್ಲದಿದ್ದರೆ ಅಂಗೈ ಉಜ್ಜಿ ಬೊಬ್ಬೆ ಬರುತ್ತದೆ. ಮೈಮೇಲೆ ಗೀರಿನ ಹಿಡಿತ ಇದ್ದರೆ ಬೆವರಿದ ಕೈಗೂ ಜಾರುವುದಿಲ್ಲ.

ಬಿಟ್ ಹಿಡಿಯುವ ಸೀಳು ಕೊಳವೆಗೆ ಕಾಲೆಟ್ ಎನ್ನುತ್ತಾರೆ. ಒಂದೇ ಕಾಲೆಟ್ ಎಲ್ಲ ಅಳತೆಯನ್ನೂ ಸರಿಯಾಗಿ ಹಿಡಿಯಲಾರದು. ಬೇರೆ ಬೇರೆ ಅಳತೆಯ ಎರಡು-ಮೂರು ಕಾಲೆಟ್ ಜೊತೆಗಿರುವುದನ್ನೇ ಕೇಳಿ.

ಬಿಟ್ ಕೊಳ್ಳುವಾಗಲೂ ಎಚ್ಚರ. ಸರ್ಕ್ಯೂಟ್ ಬೋರ್ಡ್ ಕೊರೆಯುವ ಕಾರ್ಬೈಡ್ ಬಿಟ್ ಮಷಿನ್‌ಗೆ ಮಾಡಿದ್ದು. ಕೈ ಸ್ವಲ್ಪ ವಾಲಿದರೂ ಪಟ್ಟನೆ ಮುರಿಯುತ್ತದೆ. ಅದರ ಹಿಂದಿನ ಕಾಂಡ ಸಾಮಾನ್ಯವಾಗಿ 3.175 ಮಿ.ಮೀ. ದಪ್ಪ, 3 ಮಿ.ಮೀ. ಬಾಯಿಗೆ ಹೋಗುವುದೇ ಇಲ್ಲ. ಕೈಕೆಲಸಕ್ಕೆ ಎಚ್‌ಎಸ್‌ಎಸ್ ಉಕ್ಕಿನ ಬಿಟ್ ಮೇಲು, ಅದು ಸ್ವಲ್ಪವಾದರೂ ಬಾಗಿ ತಾಳಿಕೊಳ್ಳುತ್ತದೆ.

ಇನ್ನೊಂದು ಮಾತು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಅಕ್ಕಸಾಲಿಗರೂ ಗೊಂಬೆ ಮಾಡುವವರೂ ಅದರಲ್ಲಿ ಸೇರಿದ್ದಾರೆ. ಟೂಲ್‌ಕಿಟ್‌ಗೆಂದು 15,000 ರೂ.ವರೆಗೆ ಇ-ವೋಚರ್ ಸಿಗುತ್ತದೆ. ಸರ್ಕಾರದ ದುಡ್ಡು ತಾನೇ ಎಂದು ಸಿಕ್ಕಿದ್ದನ್ನು ಸುಮ್ಮನೆ ಒಳಗಿಡುವುದು ಬೇಡ. ನಿಮ್ಮ ಕಿಟ್‌ನಲ್ಲಿ ಪಿನ್ ವೈಸ್ ಇದ್ದರೆ ಬಂದ ದಿನವೇ ಸೂಜಿ ಹಾಕಿ ನೋಡಿ. ತುದಿ ಅಲುಗಾಡಿದರೆ ಕೊಟ್ಟವರಿಗೆ ಅಂದೇ ಬರೆದು ತಿಳಿಸಿ, ಬರೆದದ್ದರ ಒಂದು ಪ್ರತಿ ನಿಮ್ಮ ಬಳಿ ಇರಲಿ. ಕಸುಬು ನಿಮ್ಮದು. ಸಾಮಾನು ಒಳ್ಳೆಯದೋ ಕೆಟ್ಟದೋ ಎಂದು ಹೇಳುವ ಹಕ್ಕೂ ನಿಮ್ಮದೇ.